ಗ್ಯಾಸ್ ಕದ್ದವರು ಯಾರು?

ನಮ್ಮ ಮನೆಯ ಗ್ಯಾಸ್ ಕದಿಯುತ್ತಿದ್ದವರು ಸಿಕ್ಕಿಬಿದ್ದರು! ಹಿಡಿದವಳು ನನ್ನ ಮೊಮ್ಮಗಳು ಗೌರಿ, ಇನ್ನೂ ಹತ್ತು ತುಂಬಿಲ್ಲ. ಯಡಿಯೂರಿನ ನಮ್ಮ ಬೀದಿಗೆಲ್ಲ ಹೇಳಿಯಾಯಿತು. ನಿಮಗೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬುತ್ತದೆ.

ಜಯನಗರದ ಹೊಸ ಮನೆಗಳನ್ನು ನೋಡಿ ಮಗ ಸಿಲಿಂಡರ್ ತಂದ ದಿನದಿಂದಲೇ ನನಗೆ ಅದರ ಮೇಲೆ ಗುಮಾನಿ. ಸೌದೆ ಉರಿದರೆ ಬೂದಿಯಾದರೂ ಸಾಕ್ಷಿಗೆ ಉಳಿಯುತ್ತದೆ. ಇದಕ್ಕೆ ಗುರುತೇ ಇಲ್ಲ. ಮೂರನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ತೆಂಗಿನಕಾಯಿ ತಟ್ಟಿದ ಹಾಗೆ ಅದನ್ನೂ ತಟ್ಟಿ ನೋಡುತ್ತಿದ್ದೆ. ಪಕ್ಕದ ಮನೆಯಲ್ಲಿ ಎರಡು ತಿಂಗಳು ಬರುವುದು ನಮ್ಮಲ್ಲಿ ಒಂದೇ ತಿಂಗಳಿಗೆ ಮುಗಿಯುತ್ತಿತ್ತು. ಸಿಲಿಂಡರ್ ತಂದುಕೊಡುವ ಆಳಿನ ಮೇಲೆ ಅನುಮಾನಪಟ್ಟು, ಕಾಫಿ ಕೊಟ್ಟು ಮುಖ ನೋಡಿದೆ. ಕಳ್ಳನ ಹಾಗೆ ಕುಡಿಯಲಿಲ್ಲ. ಆಮೇಲೆ, ಹೇಳಲು ನಾಚಿಕೆ, ಸೊಸೆ ಪುಟ್ಟಮ್ಮನ ಮೇಲೆ ಕಣ್ಣು ಹೋಯಿತು. ಕದ್ದು ಕಾಫಿ ಕಾಯಿಸುತ್ತಾಳೋ ಎಂದು ಅವಳ ಲೋಟ ಮೂಸಿದ್ದೂ ಉಂಟು.

ಮಗ ಬೇಸತ್ತು, "ವಾಪಸ್ ಕೊಟ್ಬಿಡ್ತೀನಿ, ಸೌದೆ ಒಲೇನೇ ಸಾಕು" ಎಂದ. ಹೊಗೆಯಲ್ಲಿ ವರ್ಷಗಟ್ಟಲೆ ಕೆಮ್ಮಿದ ಪುಟ್ಟಮ್ಮನಿಗೆ ಗ್ಯಾಸ್ ಬಂದ ಮೇಲೆಯೇ ಕೆಮ್ಮು ನಿಂತಿತ್ತು.

ನಿನ್ನೆ ಬೆಳಿಗ್ಗೆ ಹಾಲಿಳಿಸಿ ಹೂ ಕಟ್ಟುತ್ತ ಕೂತಿದ್ದೆ. ಗೌರಿ ಅಡುಗೆಮನೆಯಿಂದ ಕೂಗಿದಳು: "ಅಜ್ಜೀ, ಪಾತ್ರೆನೇ ಇಲ್ಲ, ಒಲೆ ಉರೀತಾ ಇದೆ!"

"ಸಣ್ಣಗೆ ಇಟ್ಟಿದೀನಿ ಕಣೇ. ಆರ್ಸಿದ್ರೆ ಮತ್ತೆ ಕಡ್ಡಿ ಗೀರ್ಬೇಕಲ್ಲ, ದಂಡ."

"ದಿನಾ ಹಿಂಗೇನಾ?"

"ಹೂಂ ಮತ್ತೆ, ಸಾಯಂಕಾಲದವರ್ಗೂ. ಬೆಂಕಿಪೊಟ್ಣ ಎಷ್ಟು ದಿನ ಬರ್ತೈತೆ ನೋಡು!"

"ಅಯ್ಯೋ, ನೀನೇ ಅಜ್ಜಿ ಕಳ್ಳಿ!"

ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಒಲೆ ಸಾಯದಂತೆ ಕಾಪಾಡಿ ಬೆಳೆದವಳು ನಾನು. ಅದೇ ಮರ್ಯಾದೆಯನ್ನು ಗ್ಯಾಸಿಗೂ ಮಾಡಿದ್ದೆ. ಪುಟ್ಟಮ್ಮ ನೋಡಿರಲಿಲ್ಲವೇ? ನೋಡಿದ್ದಳು. "ಎರಡು ಸಲ ಆರಿಸ್ದೆ ಅತ್ತೆ, ನೀವೇ ಬೈದ್ರಿ" ಎಂದಳು.

ಕಳ್ಳಿ ನಾನೇ ಆದರೂ ನನಗೆ ಹಿಡಿಸಲಾರದಷ್ಟು ಖುಷಿ. ಬೇರೆ ಯಾರಾಗಿದ್ದರೂ ಮನೆ ಮುರಿಯುತ್ತಿತ್ತು. ಸಿಲಿಂಡರ್ ಉಳಿಯಿತು, ಕೆಮ್ಮು ಮತ್ತೆ ಬರುವುದಿಲ್ಲ.

ಸಂಜೆ ಮುದ್ದೆ, ಸೊಪ್ಪಿನ ಸಾರು ಆದ ಮೇಲೆ ಒಲೆಯನ್ನು ನಾನೇ ಆರಿಸಿದೆ. ಉರಿ ಕಾಯುತ್ತ ಕೊನೆಗೆ ಉಣ್ಣುವುದು ಪುಟ್ಟಮ್ಮನ ರೂಢಿ; ಈಗ ಕಾಯಲು ಏನೂ ಇರಲಿಲ್ಲ. "ಬಾ, ಕೂತ್ಕೊ" ಎಂದೆ. ಮಗ, ಸೊಸೆ, ಗೌರಿ, ನಾನು ಒಂದೇ ಸಾಲಿನಲ್ಲಿ ಕೂತು ಉಂಡೆವು. ಪುಟ್ಟಮ್ಮ ಎರಡನೆಯ ಮುದ್ದೆ ಕೇಳಿದಳು. ಇಷ್ಟು ವರ್ಷ ಅವಳಿಗೆ ಒಂದೇ ಸಾಕೆಂದುಕೊಂಡಿದ್ದೆ.