ಮೂಲೆ ಹೋದ ಅರ್ಜಿಗಳು

ಪಕ್ಷದ ಈ ವಾರ್ಡ್ ಕಾರ್ಯಕರ್ತನನ್ನು ಬೀದಿಯವರೆಲ್ಲ ‘ಅರ್ಜಿ ಮಾಮ’ ಎಂದೇ ಕರೆಯುತ್ತಾರೆ. ಸದಸ್ಯತ್ವದ ಅರ್ಜಿ ಕಂಕುಳಲ್ಲಿ ಇಲ್ಲದೆ ಇವನು ಹಾಲು ತರಲೂ ಹೊರಟವನಲ್ಲ. ನಾಯಕರೆಂದರೆ ಗಂಟಲು ಹರಿದುಕೊಳ್ಳುವ ಜನರನ್ನು ಪಕ್ಷದ ಕಾಯಂ ಮತದಾರರನ್ನಾಗಿ ಮಾಡುವುದು ಇವನ ಪಾಲಿಗೆ ಬಂದ ಕೆಲಸ. "ನಾಯಕರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ಪಕ್ಷ ಹಾಗಲ್ಲಮ್ಮ, ಅದು ಮನೆ ಇದ್ದ ಹಾಗೆ" ಎಂದು ಪ್ರತಿ ಬಾಗಿಲಲ್ಲೂ ಪಾಠ ಒಪ್ಪಿಸುತ್ತಾನೆ. ಜನ ಭಕ್ತಿಯಿಂದ ತಲೆಯಾಡಿಸಿ, ಅರ್ಜಿಯ ಮೂಲೆಯಲ್ಲಿ ಅಚ್ಚಾದ ನಾಯಕರ ಫೋಟೊವನ್ನು ನೀಟಾಗಿ ಕತ್ತರಿಸಿಕೊಂಡು, ಮಿಕ್ಕ ಕಾಗದವನ್ನು ಇವನ ಕೈಗೇ ವಾಪಸು ಕೊಡುತ್ತಾರೆ. ಬೀದಿ ಕೊನೆಯ ಟೈಲರಂತೂ ಇವನ ಚಪ್ಪಲಿ ಸದ್ದು ಕೇಳಿದರೆ ಸಾಕು, "ಬನ್ನಿ ಮಾಮ, ಅಣ್ಣನ ಹೊಸ ಫೋಟೊ ಬಂತಾ?" ಎಂದು ಕತ್ತರಿ ಹಿಡಿದೇ ಎದ್ದು ನಿಲ್ಲುತ್ತಾನೆ. ಹಾಗೆ ಮೂಲೆ ಕಳೆದುಕೊಂಡ ಅರ್ಜಿಗಳೆಲ್ಲ ಇವನ ಮಂಚದ ಕೆಳಗೆ ಕಂತೆ ಕಂತೆಯಾಗಿ ಬಿದ್ದಿವೆ. "ಆರು ವರ್ಷದಲ್ಲಿ ನಾನು ಪಕ್ಷಕ್ಕೆ ಗಟ್ಟಿಯಾಗಿ ಸೇರಿಸಿದ್ದು ಈ ಮಂಚದಡಿ ಇಲಿಗಳನ್ನ ಮಾತ್ರ. ಅವು ಫೋಟೊ ಕೇಳಲ್ಲ, ಅರ್ಜೀನೇ ತಿಂತಾವೆ" ಎಂದು ತನ್ನನ್ನು ತಾನೇ ಆಡಿಕೊಂಡು ನಗುತ್ತಾನೆ. ಮೊನ್ನೆ ಅಲ್ಲಿ ಕಸ ಗುಡಿಸುತ್ತಿದ್ದ ಹೆಂಡತಿ, "ಅಲ್ಲಾರೀ, ನಾಳೆ ನಿಮ್ಮ ನಾಯಕರು ಪಕ್ಷ ಬಿಟ್ರೆ ನೀವೇನು ಮಾಡ್ತೀರಿ?" ಎಂದಳು. "ಪಕ್ಷ ಅನ್ನೋದು ಮನೆ ಇದ್ದ ಹಾಗೆ ಕಣೇ" ಎಂದು ಇವನು ಶುರುಮಾಡುವಷ್ಟರಲ್ಲಿ, ಅವಳು ಧೂಳು ಕೊಡವಿ ಒಂದು ಅರ್ಜಿಯನ್ನು ಮುಂದಿಟ್ಟಳು. ಅದರಲ್ಲಿ ಇವನದೇ ಹೆಸರು, ಇವನದೇ ದುಂಡಗಿನ ಸಹಿ, ಆದರೆ ಮೂಲೆ ಮಾತ್ರ ಇರಲಿಲ್ಲ. ಇವನ ಕೈ ತಾನಾಗಿಯೇ ಹೋಗಿ ಅಂಗಿಯ ಎಡಜೇಬನ್ನು ಮುಚ್ಚಿಕೊಂಡಿತು.