ಆರ್ವಿಲಾಳ ತೊಳೆಯದ ಸ್ಕೌಟ್

ನಮ್ಮ ಪಕ್ಕದ ಮನೆಯ ಆರ್ವಿಲಾಳಿಗೆ ಈಗ ಎಪ್ಪತ್ತನಾಲ್ಕು, ನನಗಿಂತ ಎರಡು ವರ್ಷ ಹೆಚ್ಚು. ಫೋರ್ಟ್ ವೇನ್ ಊರಾಚೆ ಕೋಳಿ ಸಾಕಿ, ಮೊಟ್ಟೆ ಮಾರಿ ಬದುಕಿದವಳು. ಗಂಡ ಬಿಟ್ಟುಹೋದದ್ದು ನೂರಿಪ್ಪತ್ತು ಕೋಳಿ ಮತ್ತು ಅರವತ್ತೇಳನೇ ಇಸವಿಯ ಒಂದು ಸ್ಕೌಟ್ ಜೀಪು. ಹಿಮ, ಕೆಸರು, ಉತ್ತ ಹೊಲ ಯಾವುದಕ್ಕೂ ಹೆದರದ ಆ ಗಾಡಿ ನಮ್ಮೂರ ಕಾರ್ಖಾನೆಯಲ್ಲೇ ಹುಟ್ಟಿದ್ದು. ಅವಳು ಅದನ್ನು ತೊಳೆದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಹಿಂದಿನ ಸೀಟಿನ ತುಂಬ ಕೋಳಿ ಪುಕ್ಕ.

ನನ್ನಲ್ಲೂ ಅದೇ ವರ್ಷದ, ಅದೇ ತಿಂಗಳ ಸ್ಕೌಟ್ ಇದೆ. ನನ್ನಪ್ಪ ಓರ್ವಲ್ ಆ ಕಾರ್ಖಾನೆಯಲ್ಲಿ ಗಾಡಿ ಪರೀಕ್ಷಿಸಿ ಕಳಿಸುವ ಕೆಲಸದಲ್ಲಿದ್ದ. ಅವನ ನೆನಪಿಗೆಂದೇ ಕೊಂಡೆ. ಆರು ವರ್ಷ ಒಂದೊಂದೇ ಬೋಲ್ಟ್ ಬಿಚ್ಚಿ ಉಜ್ಜಿದೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಜಿಡ್ಡಿನೊಳಗೆ ಅಂಟಿದ್ದ ಒಂದು ಹಳದಿ ಕಲೆ ತೆಗೆಯಲು ಅರ್ಧ ದಿನ ಥಿನ್ನರ್ ಹಾಕಿ ತಿಕ್ಕಿದ್ದೆ. ಕೊನೆಗೆ ಕೆಂಪು ಬಣ್ಣ ಹೊಡೆದಾಗ ಗಾಡಿ ಮದುವಣಗಿತ್ತಿಯ ಹಾಗಿತ್ತು.

ಈ ಆಗಸ್ಟಿನ ಹಳೇ ಗಾಡಿಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ ನನ್ನದೇ ಎಂದುಕೊಂಡಿದ್ದೆ. ಆರ್ವಿಲಾ ಬಂದದ್ದು ಮೊಟ್ಟೆ ಮಾರಲಿಕ್ಕೆ. ಯಾರೋ ಪುಣ್ಯಾತ್ಮರು ಅವಳ ಗಾಡಿಯನ್ನೂ ಸಾಲಿಗೆ ತಳ್ಳಿದರು.

ಟೆಕ್ಸಾಸಿನಿಂದ ಬಂದ ಸಂಗ್ರಾಹಕನೊಬ್ಬ ನನ್ನ ಗಾಡಿಯ ಮುಂದೆ ನಿಂತು, "ಚೆನ್ನಾಗಿದೆ, ಹೊಸದರ ಥರಾನೇ ಇದೆ" ಎಂದು ಮುಂದೆ ನಡೆದ. ಆರ್ವಿಲಾಳ ಗಾಡಿಯ ಮುಂದೆ ಮಾತ್ರ ಮಂಡಿಯೂರಿಬಿಟ್ಟ.

"ಅಮ್ಮಾ, ಇದಕ್ಕೆ ಬಣ್ಣಗಿಣ್ಣ ಹೊಡೆಸಿಲ್ಲ ತಾನೆ?"

"ತೊಳೆಯೋಕೇ ಪುರುಸೊತ್ತಿಲ್ಲ ಕಣಪ್ಪಾ, ಇನ್ನು ಬಣ್ಣ ಎಲ್ಲಿಂದ ಬಂತು?"

ಕಾರ್ಖಾನೆಯಿಂದ ಹೊರಬಿದ್ದಾಗಿನ ಬಣ್ಣವೇ ಉಳಿದಿದ್ದರೆ ಈ ಜನಕ್ಕೆ ಅದೇ ಚಿನ್ನ. ಮೊದಲ ಬಹುಮಾನದ ನೀಲಿ ರಿಬ್ಬನ್ ಅವಳ ತುಕ್ಕಿಗೇ ಹೋಯಿತು. ಆರು ವರ್ಷ ಬೆನ್ನು ಮುರಿದುಕೊಂಡವಳು ನಾನು, ರಿಬ್ಬನ್ ಸೋಮಾರಿಗೆ!

ಆಗ ತೀರ್ಪುಗಾರ ಅವಳ ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಬಿಟ್ಟು, "ಪರೀಕ್ಷೆ ಮಾಡಿದವನ ಗುರುತೂ ಇದೆ!" ಎಂದು ಕೂಗಿದ. ಖೋಟಾ ಇರಲಿ ದೇವರೇ ಎಂದುಕೊಳ್ಳುತ್ತ ನಾನೂ ತಲೆ ತೂರಿಸಿದೆ.

ಹಳದಿ ಮೇಣದ ಬಳಪದಲ್ಲಿ ಬರೆದ ಒಂದು ಮೀನು. ಬಾಲ ಮೇಲಕ್ಕೆ, ಎರಡೂ ಕಣ್ಣು ಒಂದೇ ಕಡೆ. ಶಾಲೆಗೆ ಹೋಗುವಾಗ ನನ್ನ ಊಟದ ಚೀಲದ ಮೇಲೆ ಅಪ್ಪ ಬರೆಯುತ್ತಿದ್ದ ಮೀನು. ಅಪ್ಪ ಕಾಗದ ಬರೆಯುವವನಲ್ಲ. ಅವನ ಕೈಯ ಒಂದು ಗೆರೆಯೂ ನನ್ನ ಬಳಿ ಉಳಿದಿಲ್ಲ.

"ಯಾರೋ ತಮಾಷೆ ಮನುಷ್ಯ ಕಣೇ" ಎಂದಳು ಆರ್ವಿಲಾ. "ಕೀಲಿಕೈ ಬಿದ್ದಾಗೆಲ್ಲ ಬಗ್ಗಿ ನೋಡಿ ನಗ್ತಿದ್ದೆ. ಲೊರೀನ್, ನಿಂದೂ ಅದೇ ತಿಂಗಳದ್ದಲ್ವಾ? ಅದರಲ್ಲೂ ಒಂದು ಇರಬೇಕು ನೋಡು."

"ಇದೆ" ಎಂದೆ. ಈ ಒಂದು ವಿಷಯದಲ್ಲಾದರೂ ಅವಳ ಮುಂದೆ ಸೋಲಲು ನನಗೆ ಮನಸ್ಸಿರಲಿಲ್ಲ.

"ಹೌದಾ! ಬಾ ತೋರ್ಸು" ಎಂದು ಟಾರ್ಚ್ ಇಸಿದುಕೊಂಡು ಹೊರಟೇಬಿಟ್ಟಳು. ನಾನು ಅಡ್ಡ ಬಂದು ನಿಂತೆ.

"ಬೀಗ ಹಾಕಿದೀನಿ. ಕೀಲಿಕೈ ಎಲ್ಲೋ ಬಿದ್ದುಹೋಗಿದೆ." ಕೀಲಿಕೈ ನನ್ನ ಮುಷ್ಟಿಯಲ್ಲೇ ಇತ್ತು.

"ಅಯ್ಯೋ ಪಾಪ! ಮೂವತ್ತು ವರ್ಷದಿಂದ ಕರೀತಿದೀನಿ, ತುಕ್ಕು ಗಾಡಿ ಹತ್ತಲ್ಲ ಅಂತಿದ್ದೆ ನೀನು. ಇವತ್ತಾದ್ರೂ ಹತ್ತೇ, ಮನೆಗೆ ಬಿಡ್ತೀನಿ."

ನನ್ನ ಕೆಂಪು ಗಾಡಿಯನ್ನು ಮೈದಾನದಲ್ಲೇ ಬಿಟ್ಟು, ಮಿಕ್ಕ ಮೊಟ್ಟೆಗಳ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಪ್ಪನ ಮೀನು ನನ್ನ ಮಂಡಿಯಿಂದ ಒಂದು ಗೇಣು ದೂರದಲ್ಲಿತ್ತು. ಆರ್ವಿಲಾ ದಾರಿಯುದ್ದಕ್ಕೂ ಕೋಳಿಗಳ ಸುದ್ದಿ ಹೇಳುತ್ತಿದ್ದಳು. ಒಮ್ಮೆ ಮುಟ್ಟಬೇಕೆಂದು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡೆ. ನನ್ನ ಗಾಡಿಯದನ್ನು ತಿಕ್ಕಿ ಅಳಿಸಿದ್ದೂ ಇದೇ ಕೈ.