ಮೂರು ಸಲದ ಕೂಗು

ನಾನು ಸೇಡಂ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದಾಗ, ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಜವಾನರೊಬ್ಬರಿದ್ದರು. ಬರುವುದಿಲ್ಲವೆಂದು ಗೊತ್ತಿದ್ದವರನ್ನೂ ಮೂರು ಸಲ ಕೂಗಿ, ಹಣೆಗೆ ಅಂಗೈ ಅಡ್ಡ ಹಿಡಿದು ಗೇಟಿನತ್ತ ನೋಡುತ್ತಿದ್ದರು. "ಒದರೋದು ನಮ್ಮ ಕೆಲಸ, ಬರೋದು ಅವರ ಕೆಲಸ" ಅನ್ನುತ್ತಿದ್ದರು. ಮಳಖೇಡದ ಅವರ ಮನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯಲು ಯಾರೂ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಚಹಾದಂಗಡಿಯ ಟಿವಿಯಲ್ಲಿ ಸುದ್ದಿ ಬಂತು. ವಿಧಾನಸಭೆಯ ಸಭಾಧ್ಯಕ್ಷರು ಸಂವಿಧಾನ ಮೀರಿದ್ದಾರೆಂದು ಯಾರೋ ಕೋರ್ಟಿಗೆ ಹೋಗಿದ್ದರು. ಸದನದ ವಿಷಯ ಕೇಳುವ ಅಧಿಕಾರ ಕೋರ್ಟಿಗಿಲ್ಲವೆಂದು ಸಭಾಧ್ಯಕ್ಷರ ವಾದ. ನಮ್ಮ ವಕೀಲರು ಇದೆ, ಇಲ್ಲ ಎಂದು ಜಗಳಕ್ಕೆ ಬಿದ್ದರು. ಜವಾನರು ಕಪ್ಪು ಕೆಳಗಿಟ್ಟು ಕೇಳಿದರು: "ಹಂಗಾದ್ರ ಅವರ ಹೆಸರು ಯಾರೂ ಒದರಂಗಿಲ್ಲೇನ್ರಿ?" ಯಾರೂ ಅವರತ್ತ ತಿರುಗಲಿಲ್ಲ.

ಅವರು ನಿವೃತ್ತರಾದ ದಿನ ಹಾರ ಹಾಕಿ ಎಲ್ಲರೂ ಹೋದರು. ನಾನು ಕಾಗದ ಕಟ್ಟಿಡುತ್ತಿದ್ದಾಗ ಖಾಲಿ ಪಡಸಾಲೆಯಿಂದ ಅದೇ ದನಿ ಕೇಳಿತು.

"ಸಭಾಧ್ಯಕ್ಷರು ಹಾಜರ್ ಇದ್ದಾರೇನ್ರೀ?"

ಮೂರು ಸಲ ಕೂಗಿ, ಎಂದಿನಂತೆ ಹಣೆಗೆ ಅಂಗೈ ಹಿಡಿದು ಗೇಟಿನತ್ತ ನೋಡಿದರು. ಹಾರ ಇನ್ನೂ ಕೊರಳಲ್ಲೇ ಇತ್ತು.

"ಯಾರೂ ಬರಲಿಲ್ಲಲ್ಲ ಕಾಕಾ," ಅಂದೆ.

"ಬರದಿದ್ರ ಬಿಡು ತಂಗಿ," ಅಂದರು. "ಒದರೀನಿ. ಅಷ್ಟು ಬರಕೊ."